ಬಾವಿಯ ಬಾಯಲ್ಲಿ ಸೊನ್ನೆ

ಮುಂಡರಗಿ ಕಡೆಯ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸುವ ಕೆಲಸ ಮುಗಿದಿತ್ತು. ಮೈಮೇಲಿನ ಕೆಂಪು ಧೂಳು ಇನ್ನೂ ಪೂರ್ತಿ ಹೋಗಿರಲಿಲ್ಲ, ಅಷ್ಟರಲ್ಲೇ ನಮ್ಮ ಗುತ್ತಿಗೆದಾರರು ಎಂಜಿನಿಯರ್ ಆದ ನನ್ನನ್ನು ಒಂದು ಬಾವಿಯ ಕೆಲಸ ನೋಡಿಕೊಳ್ಳಲು ಹಚ್ಚಿದರು. ತಿಂಗಳುಗಟ್ಟಲೆ ಮೇಲೆ ನೋಡಿ ನೋಡಿ ನನ್ನ ಕತ್ತು ಹಿಡಿದುಹೋಗಿತ್ತು. ಇನ್ನು ಕೆಳಗೆ ನೋಡುವ ಕೆಲಸ ಎಂದು ಒಳಗೊಳಗೇ ಸಮಾಧಾನವಾಯಿತು.

ಲಕ್ಷ್ಮೇಶ್ವರದಿಂದ ಅಡರಕಟ್ಟಿ ಕಡೆ ಹೋಗುವ ಹಾದಿಯಲ್ಲಿ ಒಂದು ಹಳ್ಳಿ. ಊರ ಹೊರಗೆ ಕಲ್ಲು ಕಟ್ಟಿದ ಹಳೆಯ ಸೇದುವ ಬಾವಿ. ಓಣಿಗೆ ನಳ ಬಂದ ಮೇಲೆ ಊರಿನವರು ಅದನ್ನು ಮರೆತು, ಒಡೆದ ಕೊಡ, ಹರಿದ ಚಪ್ಪಲಿ, ಹಳೆಯ ಹಾಸಿಗೆಯ ಅರಳೆ ಎಲ್ಲವನ್ನೂ ಅದರೊಳಗೆ ಹಾಕಿದ್ದರು. ಈಗ ಬೋರಿನ ನೀರು ಉಪ್ಪಾಗಿ, ಚಹಾಕ್ಕೆ ಹಾಕಿದ ಹಾಲು ಒಡೆಯತೊಡಗಿದಾಗ ಎಲ್ಲರಿಗೂ ಬಾವಿ ನೆನಪಾಗಿತ್ತು. ಮುಂಗಾರು ಹಿಡಿಯುವುದರೊಳಗೆ ಹೂಳು ತೆಗೆದುಕೊಡಬೇಕು. ಎರೆ ನೆಲದಲ್ಲಿ ಒಂದು ದೊಡ್ಡ ಮಳೆಯಾದರೆ ಸಾಕು, ಕ್ರೇನು ನಿಂತ ಜಾಗವೇ ಅಂಟಿನ ಮುದ್ದೆಯಾಗುತ್ತದೆ.

ಕ್ರೇನು ಎಂದರೆ ಗಾಳಿಯಂತ್ರ ಎತ್ತುವ ಆ ದೈತ್ಯ ಎಂದುಕೊಳ್ಳಬೇಡಿ. ಇದು ಬಾವಿಯವರ ಕ್ರೇನು. ಒಂದು ಡೀಸೆಲ್ ಎಂಜಿನ್ನು, ಉಕ್ಕಿನ ಹಗ್ಗ ಸುತ್ತಿಕೊಳ್ಳುವ ಒಂದು ಡ್ರಮ್ಮು, ಬಾವಿಯ ಬಾಯಿಯ ಮೇಲೆ ಚಾಚಿದ ಒಂದು ಕಬ್ಬಿಣದ ತೋಳು. ಆ ತೋಳು ಅತ್ತಿತ್ತ ತಿರುಗುವುದಿಲ್ಲ. ಹಗ್ಗದ ತುದಿಗೆ ಕಬ್ಬಿಣದ ದೊಡ್ಡ ಬಕೆಟ್ಟು. ಹಸಿ ಹೂಳು ತುಂಬಿದರೆ ಸುಮಾರು ಎರಡು ಕ್ವಿಂಟಲ್ ತೂಗುತ್ತದೆ. ಅದರ ಜೊತೆಗೆ ಒಂದು ಕುಟುಂಬ. ನಡೆಸುವವನು ಶಿರಹಟ್ಟಿ ಕಡೆಯವನು, ಐವತ್ತರ ಹತ್ತಿರದ ಮನುಷ್ಯ, ಮಾತು ಕಡಿಮೆ, ಹೆಮ್ಮೆ ಜಾಸ್ತಿ. ಆತನ ಹೆಂಡತಿ ಬಾವಿಯ ಅಂಚಿನಲ್ಲಿ ನಿಂತು, ಮೇಲೆ ಬಂದ ಬಕೆಟ್ಟನ್ನು ಕೊಕ್ಕೆಯಿಂದ ಎಳೆದು ದಂಡೆಗೆ ಸುರಿಯುತ್ತಿದ್ದಳು. ಆತನ ತಮ್ಮ ತಳದಲ್ಲಿ, ಊರಿನ ಇಬ್ಬರು ಆಳುಗಳ ಜೊತೆ ಹೂಳು ತುಂಬುತ್ತಿದ್ದ.

ತಮ್ಮ ತಳದಲ್ಲಿ ಇದ್ದದ್ದು ಆಕಸ್ಮಿಕವಲ್ಲ. ಕ್ರೇನಿನ ಮೇಲೆ ಕೂಡುವವನ ಮನೆಯವರೊಬ್ಬರು ಬಾವಿಯ ತಳದಲ್ಲಿ ಇರಲೇಬೇಕು, ಇದು ಅವರ ಮನೆತನದ ಕಟ್ಟಳೆ. ಊರಿನ ಆಳುಗಳು ಕೂಡ ಅದನ್ನು ನೋಡಿಯೇ ಇಳಿಯುತ್ತಿದ್ದರು. ನಾನು ಮೊದಲ ದಿನ ಸುರಕ್ಷತೆಯ ಮಾತು ತೆಗೆದಾಗ ಆತ ತಳದ ಕಡೆ ಬೆರಳು ತೋರಿಸಿದ.

"ಅಲ್ಲಿ ನನ್ನ ತಮ್ಮ ಅದಾನ್ರಿ ಮೇಡಮ್ರ. ನಮ್ಮವ್ರು ಒಬ್ರು ತಳದಾಗ ಇದ್ರ ಲಿವರ್ ಮ್ಯಾಲಿನ ಕೈ ತಾನ ಹುಷಾರ ಇರತೈತಿ. ನಿಮ್ಮ ರೂಲು ನಮಗೇನ ಬ್ಯಾಡ್ರಿ."

ನಾನು ಹೆಚ್ಚು ವಾದಿಸಲಿಲ್ಲ. ನಮ್ಮ ರೂಲು ಗುಡ್ಡದ ಮೇಲಿನ ಕೆಲಸಕ್ಕೆ ಬರೆದದ್ದು. ಎತ್ತಿದ ಭಾರ ನೆಲದಿಂದ ಒಂದು ಮೀಟರಿಗಿಂತ ಮೇಲಿದ್ದರೆ ಕೆಳಗಿನವರು ದೂರ ಸರಿಯಬೇಕು, ಅದಕ್ಕಿಂತ ಕೆಳಗಿದ್ದರೆ ಚಿಂತೆಯಿಲ್ಲ. ಗುಡ್ಡದಲ್ಲಿ ನೆಲವೇ ಎಲ್ಲಕ್ಕಿಂತ ಕೆಳಗೆ, ಅಲ್ಲಿ ಆ ರೂಲು ಸರಿ. ಬಾವಿಯಲ್ಲಿ ಅದನ್ನು ಎಲ್ಲಿಂದ ಅಳೆಯಬೇಕು ಎಂದು ಯಾರೂ ಬರೆದಿರಲಿಲ್ಲ.

ಅವರ ಕೆಲಸದ ಕ್ರಮ ನೋಡಲು ಚೆಂದವಿತ್ತು. ಬಕೆಟ್ಟು ತುಂಬಿದ ಕೂಡಲೇ ತಮ್ಮ ಹಗ್ಗವನ್ನು ಎರಡು ಸಲ ಜಗ್ಗುತ್ತಿದ್ದ. ಎಂಜಿನ್ನು ಗುಡುಗುತ್ತಿತ್ತು. ತಳದವರು ಗೋಡೆಯಲ್ಲಿದ್ದ, ಮೂವರು ನಿಲ್ಲುವಷ್ಟು ದೊಡ್ಡ ಗೂಡಿನಂಥ ಮಾಡದೊಳಗೆ ಸರಿದು ನಿಲ್ಲುತ್ತಿದ್ದರು. ಬಕೆಟ್ಟು ತೂಗಾಡುತ್ತ ಮೇಲೆ ಬಂದು ಅಂಚಿನ ಮಟ್ಟಕ್ಕೆ ಮುಟ್ಟಿದ ಕೂಡಲೇ ಹೆಂಡತಿ ಕೊಕ್ಕೆ ಹಾಕಿ "ಬಂತೋ!" ಎಂದು ಕೂಗುತ್ತಿದ್ದಳು. ಆ ಒಂದು ಕೂಗಿಗೆ ಎರಡು ಕಡೆ ಎರಡು ಕೆಲಸ ನಡೆಯುತ್ತಿದ್ದವು. ಮೇಲೆ ಆತ ಕ್ಲಚ್ಚು ಬಿಟ್ಟು, ಬ್ರೇಕಿನ ಮೇಲೆ ಕಾಲು ಹಗುರ ಮಾಡಿ, ಆಕೆ ಎಳೆದುಕೊಳ್ಳಲು ಹಗ್ಗ ಸಡಿಲ ಬಿಡುತ್ತಿದ್ದ. ಕೆಳಗೆ ಮೂವರೂ ಮಾಡದಿಂದ ಹೊರಬಂದು ನಡುವೆ ನಿಂತು ಮುಂದಿನ ಬಕೆಟ್ಟಿಗೆ ಹೂಳು ಕೂಡಿಹಾಕುತ್ತಿದ್ದರು. ಬಕೆಟ್ಟು ನೆಲಕ್ಕೆ ಬಂತಲ್ಲ, ಇನ್ನೇನು?

ಕೆಲಸ ಭರದಿಂದ ಸಾಗಿತು. ಬಾವಿ ನಲವತ್ತು ಅಡಿಯಿಂದ ಐವತ್ತಕ್ಕೆ ಇಳಿಯಿತು. ಹಳೆಯ ಹಗ್ಗ ಸಾಲದೆ ಆತ ಗದಗಿನಿಂದ ಉದ್ದನೆಯ ಹೊಸ ಹಗ್ಗ ತಂದು ಸುತ್ತಿದ. ನಾನು ಬೆಳಿಗ್ಗೆ ಒಮ್ಮೆ ಕೆಳಗಿಳಿದು ಆಳ ಅಳೆದು ಬರುತ್ತಿದ್ದೆ. ಅರವತ್ತು ಅಡಿಯ ಹತ್ತಿರ ಬಂದ ದಿನ ಇಳಿದಾಗಲೇ ನನಗೆ ಮಾಡದ ನೆನಪಾಯಿತು; ಅದು ಕಾಣಲಿಲ್ಲ. ಹುಡುಕಿದೆ. ತಲೆ ಎತ್ತಿದರೆ ಅದು ನನ್ನ ನೆತ್ತಿಗಿಂತ ಎಷ್ಟೋ ಮೇಲಿತ್ತು. ಅದು ಎಲ್ಲಿಗೂ ಹೋಗಿರಲಿಲ್ಲ. ನಾವೇ ನೆಲವನ್ನು ಅದರ ಬುಡದಿಂದ ತೆಗೆದು ತೆಗೆದು ಕೆಳಗೆ ಹೋಗಿದ್ದೆವು.

"ಈಗ ಎಲ್ಲಿ ನಿಲ್ತೀರಿ ನೀವು?" ಎಂದು ತಮ್ಮನನ್ನು ಕೇಳಿದೆ.

"ಗ್ವಾಡಿಗೆ ಒತ್ತಿ ನಿಲ್ತೇವ್ರಿ. ವೈನಿ 'ಬಂತೋ' ಅಂದ ಮ್ಯಾಲ ನಡುವ ಬರ್ತೇವಿ."

ಅವನು ಹೀಗೆ ಹೇಳುತ್ತಿರುವಾಗಲೇ ಮೇಲೆ ಖಾಲಿ ಬಕೆಟ್ಟು ಬಾವಿಯ ಬಾಯಿಗೆ ಬಂದು ನಿಂತಿತು. ಕೆಳಗಿನಿಂದ ಅದು ಬಿಳಿ ಆಕಾಶದ ನಡುವೆ ಒಂದು ಕಪ್ಪು ಬಟ್ಟಲಿನಷ್ಟು ಕಾಣುತ್ತಿತ್ತು. ಮೇಲೆ ಹೋದ ಕೂಡಲೇ ಇದನ್ನು ಇತ್ಯರ್ಥ ಮಾಡಬೇಕೆಂದು ಏಣಿ ಹತ್ತಿದೆ. ಹತ್ತಿ ಬಂದಾಗ ಪಂಚಾಯತಿ ಸದಸ್ಯರು ಮೋಡ ತೋರಿಸುತ್ತ ನಿಂತಿದ್ದರು. ಅವರ ಜೊತೆ ಮಾತು ಬೆಳೆಯಿತು, ಇತ್ತ ಬಕೆಟ್ಟುಗಳು ಹೋಗಿಬರುತ್ತಲೇ ಇದ್ದವು.

ಊಟದ ಹೊತ್ತಿಗೆ ಮುಂಚೆ ಅದು ನಡೆಯಿತು. ತುಂಬಿದ ಬಕೆಟ್ಟು ಅಂಚಿಗೆ ಬಂತು. "ಬಂತೋ!" ಎಂಬ ಕೂಗು. ಆತ ಹಗ್ಗ ಸಡಿಲ ಬಿಟ್ಟ. ಬಕೆಟ್ಟಿನ ಅಡಿ ಇನ್ನೂ ಅರ್ಧ ದಂಡೆಯ ಮೇಲೆ, ಅರ್ಧ ಗಾಳಿಯಲ್ಲಿ. ಕಲ್ಲಿನ ಮೇಲಿದ್ದ ಲೋಳೆ ಮಣ್ಣಿಗೆ ಅದು ಜಾರಿತು. ಡ್ರಮ್ಮು ಕಿರ್ರೆಂದು ಹಿಂದಕ್ಕೆ ಸುತ್ತಿತು, ಆತ ಬ್ರೇಕನ್ನು ಮೈಭಾರ ಹಾಕಿ ಒತ್ತಿದ, ಬಕೆಟ್ಟು ಜೋಲಿ ಹೊಡೆದು ನಿಂತಿತು. ಆ ಜೋಲಿಗೆ ಹೂಳಿನ ಮೇಲಿದ್ದ ಒಂದು ಕಲ್ಲು ಹಾರಿತು. ನಾವು ಅದನ್ನು ನೋಡಿದೆವು. ಆಮೇಲೆ ಕೆಳಗಿನಿಂದ ಕೂಗು ಕೇಳಿತು.

ಕಲ್ಲು ತಮ್ಮನ ಹೆಗಲಿಗೆ ಬಡಿದಿತ್ತು. ಮೊದಲು ಗೋಡೆಗೆ ತಗಲಿ, ಅರ್ಧ ಜೋರು ಕಳೆದುಕೊಂಡು ಬಡಿದದ್ದರಿಂದ ಎಲುಬು ಮುರಿದಿರಲಿಲ್ಲ. ಲಕ್ಷ್ಮೇಶ್ವರದ ದವಾಖಾನೆಯಲ್ಲಿ ಡಾಕ್ಟರು ಕೈಯನ್ನು ಕೊರಳಿಗೆ ಕಟ್ಟಿ, ಕೆಲವು ದಿನ ಎತ್ತಬಾರದು ಎಂದರು. ಒಂದು ಗೇಣು ಈಚೆ ಬಿದ್ದಿದ್ದರೆ ತಲೆ. ಅವನು ನಗುತ್ತಲೇ ಇದ್ದ, ಅವನ ಮುಖ ಮಾತ್ರ ಸುಣ್ಣದಂತೆ ಬಿಳಿಚಿಕೊಂಡಿತ್ತು.

ವಾಪಸು ಬಂದು ನಾನು ಕೆಲಸ ನಿಲ್ಲಿಸಿದೆ. ನನಗೆ ಸಿಟ್ಟು ಬೇಗ ಬರುತ್ತದೆ, ಸಿಟ್ಟು ಬಂದಾಗ ಲೆಕ್ಕ ಮಾಡುತ್ತೇನೆ. ಮನೆಯಲ್ಲಿ ಇದನ್ನು ರೋಗ ಎನ್ನುತ್ತಾರೆ. ಬೇವಿನ ಮರದ ಕೆಳಗೆ ಆತನನ್ನು ಕೂಡಿಸಿಕೊಂಡು, ಬ್ರೇಕು ಯಾಕೆ ಜಾರಿತು ಎಂದು ಕೇಳಿದೆ.

"ಎಷ್ಟು ಜಾರೇತ್ರಿ? ಒಂದು ಗೇಣ," ಎಂದ ಆತ. ಬೆರಳು ಅಗಲಿಸಿ ಗೇಣು ತೋರಿಸಿದ. "ಬಕೆಟ್ಟು ನೆಲಕ್ಕ ಬಂದಿತ್ತು. ನೆಲದಿಂದ ಒಂದು ಗೇಣ ಜಾರಿದ್ದಕ್ಕ ಇಷ್ಟ್ಯಾಕ ಗದ್ದಲಾ? ಕಲ್ಲು ಹಾರಿದ್ದು ನಸೀಬ."

"ನಿಮ್ಮ ಬಕೆಟ್ಟು ಒಂದು ಗೇಣ ಜಾರೇತಿ. ನಿಮ್ಮ ತಮ್ಮಗ ಬಡದ ಕಲ್ಲು ಅರವತ್ತು ಅಡಿ ಬಿದ್ದೈತಿ. ತಳಕ್ಕ ಮುಟ್ಟೂದ್ರಾಗ ಗದಗ ರೋಡಿನ್ಯಾಗ ಬಸ್ಸು ಓಡಿದಂಗ ಓಡಿರ್ತೈತಿ ಅದು."

"ಬಿದ್ದದ್ದು ಅರವತ್ತು ಅಡಿ, ಖರೆ. ಆದ್ರ ಬಕೆಟ್ಟು ಎತ್ತರದಾಗ ಇರಲಿಲ್ಲಲ್ರಿ. ನೆಲದ ಸಮಾ ಇತ್ತು."

"ಯಾರ ನೆಲಾ?"

ಆತ ನನ್ನನ್ನು ನೋಡಿದ ರೀತಿ ನೋಡಿದರೆ, ಈ ಹೆಣ್ಣುಮಗಳಿಗೆ ಬಿಸಿಲು ತಲೆಗೆ ಏರಿದೆ ಎಂದುಕೊಂಡಂತಿತ್ತು. ನಾನು ಕಡ್ಡಿಯಿಂದ ಮಣ್ಣಿನ ಮೇಲೆ ಬಾವಿ ಬರೆದೆ. ತಳ, ಅಂಚು, ಬಕೆಟ್ಟು. ಎತ್ತರ ಇದ್ದಷ್ಟೂ ಭಾರದೊಳಗೆ ಶಕ್ತಿ ಕೂಡಿರುತ್ತದೆ, ಬಿದ್ದಾಗ ಅದು ಹೊರಬರುತ್ತದೆ, ಎಷ್ಟು ಎಂಬುದು ಎಲ್ಲಿಯವರೆಗೆ ಬೀಳುತ್ತದೆ ಎಂಬುದರ ಮೇಲೆ ನಿಂತಿದೆ ಎಂದು ಹೇಳಿದೆ. ದಂಡೆಯಲ್ಲಿ ನಿಂತವನಿಗೆ ಅದು ಗೇಣಿನ ಲೆಕ್ಕ. ತಳದಲ್ಲಿ ನಿಂತವನಿಗೆ ಅದೇ ಬಕೆಟ್ಟಿನಲ್ಲಿ ಅದರ ಎಂಬತ್ತು ಪಟ್ಟು.

ಆತ ಸ್ವಲ್ಪ ಹೊತ್ತು ಆ ಚಿತ್ರ ನೋಡಿದ. ಆಮೇಲೆ ನನ್ನ ಕೈಯ ಕಡ್ಡಿ ತೆಗೆದುಕೊಂಡು ತಳದ ಗೆರೆ ತೋರಿಸಿ ಕೇಳಿದ.

"ಮೊದಲ ಬಾವಿ ನಲವತ್ತು ಅಡಿ ಇತ್ತು, ಈಗ ಅರವತ್ತಾಗೇತಿ. ಬಕೆಟ್ಟು ಅದ, ಹೂಳು ಅಷ್ಟ, ದಂಡಿ ಇದ್ದಲ್ಲೇ ಐತಿ. ನಿಮ್ಮ ಲೆಕ್ಕದಾಗ ನನ್ನ ಬಕೆಟ್ಟಿನ ಶಕ್ತಿ ದಿನಾ ಹೆಚ್ಚಾಕ್ಕೋಂತ ಬಂತಂತೀರಿ. ಅದಕ್ಕ ಯಾರು ತುಂಬಿದ್ರಿ ಅದನ್ನ? ನಾ ಅಂತೂ ತುಂಬಿಲ್ಲ."

ತುಂಬಿದ್ದು ತಳದವರು ಎಂದು ಹೇಳಬಹುದಿತ್ತು, ತಮ್ಮ ಕಾಲ ಕೆಳಗಿನ ನೆಲವನ್ನು ತಾವೇ ಅಗೆದು. ಆದರೆ ಅದು ಕಟಕಿಯಾಗುತ್ತಿತ್ತು. ಬಕೆಟ್ಟಿನ ತೂಕ ಹೆಚ್ಚಾಗಿಲ್ಲ, ಅದು ಮಾಡಬಹುದಾದ ಅನಾಹುತ ಹೆಚ್ಚಾಗಿದೆ ಎಂದಷ್ಟೇ ಹೇಳಿದೆ. "ಎರಡೂ ಒಂದ," ಎಂದು ಎದ್ದು ಹೋದ.

ಸಂಜೆ ಗದಗಿನ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಇದನ್ನೇ ಮೆಲುಕು ಹಾಕಿದೆ. ಆತ ತಪ್ಪು ಎಂದು ನನಗೆ ಖಾತ್ರಿಯಿತ್ತು, ಎಲ್ಲಿ ತಪ್ಪು ಎಂಬುದು ಮಾತ್ರ ಕೈಗೆ ಸಿಗುತ್ತಿರಲಿಲ್ಲ. ಎತ್ತರವನ್ನು ದಂಡೆಯಿಂದ ಅಳೆಯುವುದು ತಪ್ಪೇನಲ್ಲ. ಕಾಲೇಜಿನಲ್ಲಿ ನಮಗೆ ಕಲಿಸಿದ್ದೇ ಅದು: ಸೊನ್ನೆಯನ್ನು ಎಲ್ಲಿ ಬೇಕಾದರೂ ಇಡಿ, ಮೇಜಿನ ಮೇಲೆ, ನೆಲದ ಮೇಲೆ, ಮಾಳಿಗೆಯ ಮೇಲೆ; ಬಿದ್ದ ವಸ್ತುವಿನ ಲೆಕ್ಕಕ್ಕೆ ಬೇಕಾದದ್ದು ಎರಡು ಎತ್ತರಗಳ ನಡುವಿನ ಅಂತರ, ಅದು ಬದಲಾಗುವುದಿಲ್ಲ. ದಂಡೆ ಸೊನ್ನೆಯಾದರೆ ತಳ ಸೊನ್ನೆಗಿಂತ ಅರವತ್ತು ಅಡಿ ಕೆಳಗೆ, ಅಷ್ಟೇ. ಲೆಕ್ಕ ಸರಿಯಾಗಿಯೇ ಬರುತ್ತದೆ. ಆತನ ತಪ್ಪು ಸೊನ್ನೆ ಇಟ್ಟ ಜಾಗದ್ದಲ್ಲ. ಸೊನ್ನೆ ಎಂದರೆ ಏನೂ ಉಳಿದಿಲ್ಲ ಎಂದು ತಿಳಿದದ್ದು. ನಮ್ಮ ಗುಡ್ಡದ ರೂಲು ಬರೆದವರೂ ಹಾಗೆಯೇ ತಿಳಿದಿದ್ದರು. ಬಸ್ಸು ಮುಳಗುಂದ ನಾಕಾ ದಾಟುವ ಹೊತ್ತಿಗೆ ಇಷ್ಟು ತಿಳಿಯಾಯಿತು. ಆದರೆ ಬಕೆಟ್ಟು ಜಾರಿದ್ದು ಯಾಕೆ ಎಂಬುದು ಇನ್ನೂ ಉಳಿದಿತ್ತು. ಅದಕ್ಕೆ ಲೆಕ್ಕ ಸಾಲದು, ಯಂತ್ರ ನೋಡಬೇಕು.

ಮರುದಿನ ಬೆಳಿಗ್ಗೆ ಎಂಜಿನ್ನು ಶುರುವಾಗುವ ಮೊದಲೇ ಹೋಗಿ ಡ್ರಮ್ಮಿನ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. ಬ್ರೇಕಿನ ಪಟ್ಟಿ ಸವೆದಿರಲಿಲ್ಲ. ಎಣ್ಣೆ ಹತ್ತಿರಲಿಲ್ಲ. ಆತ ಪಕ್ಕದಲ್ಲಿ ನಿಂತು "ನೋಡ್ರಿ, ನೋಡ್ರಿ" ಎನ್ನುತ್ತಿದ್ದ. ಎಂಜಿನ್ನು ಹಚ್ಚಿಸಿ ಖಾಲಿ ಬಕೆಟ್ಟನ್ನು ಪೂರಾ ಮೇಲೆತ್ತಲು ಹೇಳಿದೆ. ಹಗ್ಗ ಸುತ್ತುತ್ತ ಸುತ್ತುತ್ತ ಡ್ರಮ್ಮು ದಪ್ಪವಾಯಿತು. ಹೊಸ ಹಗ್ಗ ಉದ್ದ ಇದ್ದದ್ದರಿಂದ ಮೊದಲಿಗಿಂತ ಒಂದು ಸುತ್ತಿನ ಪದರು ಹೆಚ್ಚು ಬಂದಿತ್ತು. ಆಗ ಹೊಳೆಯಿತು. ಉದ್ದ ಹಿಡಿಕೆಯ ಪಾನಾ ಹಾಕಿದರೆ ನಟ್ಟು ಸಲೀಸಾಗಿ ತಿರುಗುವ ಹಾಗೆ, ಡ್ರಮ್ಮು ದಪ್ಪವಾದಷ್ಟೂ ಅದೇ ಬಕೆಟ್ಟು ಅದನ್ನು ಜೋರಾಗಿ ತಿರುವುತ್ತದೆ. ಬ್ರೇಕಿಗೆ ಅತಿ ಕಷ್ಟದ ಗಳಿಗೆ ಬಕೆಟ್ಟು ದಂಡೆಗೆ ಬಂದ ಗಳಿಗೆಯೇ. ಆತ ಕಾಲು ಹಗುರ ಮಾಡುತ್ತಿದ್ದದ್ದು ಸರಿಯಾಗಿ ಆಗಲೇ.

ಡ್ರಮ್ಮಿನ ಪಕ್ಕದ ಹಲ್ಲಿನ ಚಕ್ರಕ್ಕೆ ಸಿಕ್ಕಿಕೊಂಡು ಹಿಂದೆ ಸುತ್ತದಂತೆ ಹಿಡಿಯುವ ಒಂದು ಕೊಕ್ಕೆ ಇರುತ್ತದೆ, ಅವರು ಅದಕ್ಕೆ ಲಾಕು ಎನ್ನುತ್ತಾರೆ. ಈ ಕ್ರೇನಿನಲ್ಲಿಯೂ ಇತ್ತು. ತಂತಿಯಿಂದ ಮೇಲಕ್ಕೆ ಎತ್ತಿ ಕಟ್ಟಿದ್ದರು. ತಂತಿಗೆ ಜಂಗು ಹಿಡಿದಿತ್ತು.

"ಇದನ್ನ್ಯಾಕ ಕಟ್ಟೀರಿ?"

"ಒಂದೊಂದು ಬಕೆಟ್ಟಿಗೂ ಅದನ್ನ ಹಾಕಿ ತಗದು ಮಾಡಿದ್ರ ಕೆಲಸ ಮುಗಿಯೂದಿಲ್ರಿ. ನಮ್ಮಪ್ಪನ ಕಾಲದಿಂದ ಕಟ್ಟೇ ಐತಿ."

ಲಾಕು ಬಿಚ್ಚಿಸಿ, ಹಲ್ಲುಗಳನ್ನು ಉಜ್ಜಿಸಿ, ಎಣ್ಣೆ ಬಿಡಿಸಿದೆ. ಲಕ್ಷ್ಮೇಶ್ವರದ ವೆಲ್ಡಿಂಗ್ ಅಂಗಡಿಯಿಂದ ಎರಡು ಕಬ್ಬಿಣದ ತೊಲೆ ತರಿಸಿದೆ. ಬಕೆಟ್ಟು ದಂಡೆಗಿಂತ ಮೇಲೆ ಬಂದ ಮೇಲೆ ಅವನ್ನು ಬಾಯಿಗೆ ಅಡ್ಡ, ಬಕೆಟ್ಟಿನ ಅಡಿಗೆ ತಾಗಿಸಿ ಸರಿಸಬೇಕು; ಲಾಕು ಬಿಟ್ಟಾಗ ಬಕೆಟ್ಟು ಅವುಗಳ ಮೇಲೆ ಕೂಡುತ್ತದೆ. ತಳದಲ್ಲಿ ಗೋಡೆಗೆ ಒರಗಿಸಿ ದಪ್ಪ ತಗಡಿನ ಒಂದು ಚಪ್ಪರ ನಿಲ್ಲಿಸಿದೆ. ನೆಲ ಇಳಿದಂತೆ ಅದನ್ನೂ ಇಳಿಸಬಹುದು. ಇಷ್ಟಕ್ಕೇ ಪಂಚಾಯತಿ ಸದಸ್ಯರು ಮೋಡ ನೋಡಿ, ಗಡಿಯಾರ ನೋಡಿ, ನನ್ನನ್ನು ನೋಡಿ ಸಾಕಾಗಿ ಹೋದರು.

ಉಳಿದದ್ದು ಕೂಗು. ಅದರ ಬಗ್ಗೆ ನಾನು ಬಹಳ ಯೋಚಿಸಿ ಒಂದು ನಿರ್ಧಾರ ಮಾಡಿದ್ದೆ. ದಂಡೆಯಲ್ಲಿ ನಿಂತವರು ಇನ್ನು "ಬಂತೋ" ಅನ್ನಬಾರದು. ತೊಲೆ ಬಕೆಟ್ಟಿನ ಅಡಿಗೆ ಸರಿದ ಮೇಲೆ, ತಳದವರು ತಗಡಿನ ಕೆಳಗೆ ಸರಿದು ನಿಂತು "ಬಿಡ್ರಿ" ಎಂದು ಕೂಗಬೇಕು. ಆ ಕೂಗು ಬರುವವರೆಗೆ ಮೇಲೆ ಲಾಕಿಗೆ ಕೈ ಹಚ್ಚುವ ಹಾಗಿಲ್ಲ. ಎಲ್ಲರಿಗಿಂತ ಕೆಳಗೆ ನಿಂತವರ ಕಾಲು ಎಲ್ಲಿದೆಯೋ ಅಲ್ಲಿಂದ ಎತ್ತರ ಅಳೆಯಬೇಕು. ಹೇಳುವ ಹಕ್ಕೂ ಅವರದೇ.

ಲಾಕಿಗೆ, ತೊಲೆಗೆ ಗೊಣಗುತ್ತಲೇ ಒಪ್ಪಿದ್ದ ಮನುಷ್ಯ ಇದಕ್ಕೆ ಕೆಂಡವಾದ.

"ಅಂದ್ರ ನನ್ನ ತಮ್ಮ ನನಗ 'ಬಿಡು' ಅಂತ ಹುಕುಂ ಮಾಡ್ಬೇಕಾ? ನಾ ಕೂತು ಕೇಳಬೇಕಾ? ಇಷ್ಟು ವರ್ಷ ಅವನ್ನ ಕಾಯ್ದವ ನಾನ್ರಿ!"

ಕೈ ಕೊರಳಿಗೆ ಕಟ್ಟಿಕೊಂಡು ನಿಂತಿದ್ದ ತಮ್ಮ ನೆಲ ನೋಡಿದ. "ಅಣ್ಣಗ ನಾ ಹೆಂಗ ಹಂಗ ಅನ್ಲಿರಿ ಮೇಡಮ್ರ. ನಾಲಿಗಿ ಏಳೂದಿಲ್ಲ," ಎಂದ. ಹೇಗೂ ಅವನು ಆ ಕೈಯಲ್ಲಿ ಇಳಿಯುವ ಹಾಗೆ ಇರಲಿಲ್ಲ. ಊರಿನ ಆಳುಗಳು ಮನೆಯವರಿಲ್ಲದೆ ತಾವು ಮಾತ್ರ ಇಳಿಯುವುದಿಲ್ಲ ಎಂದು ದಂಡೆಯ ಮೇಲೆ ಕೂತುಬಿಟ್ಟರು. ನಾನೇ ಇಳಿಯುತ್ತೇನೆ ಎಂದೆ. "ನೀವು ಅವ್ರ ಮನಿಯವ್ರಲ್ಲಲ್ರಿ," ಎಂದ ಅವರಲ್ಲೊಬ್ಬ, ಮುಲಾಜಿಲ್ಲದೆ. ನನ್ನ ಲಾಕು, ತೊಲೆ, ತಗಡು ಎಲ್ಲ ಬಿಸಿಲಿಗೆ ಬಿದ್ದವು. ತೆಂಕಣದಲ್ಲಿ ಮೋಡ ಕಪ್ಪಾಗುತ್ತಿತ್ತು. ಅಳು ಬರುವಷ್ಟು ಬೇಜಾರಾಯಿತು ನನಗೆ.

ಆಗ ಹೆಂಡತಿ ಕೊಕ್ಕೆಯನ್ನು ಕೆಳಗಿಟ್ಟು ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದಳು.

"ನಾ ಇಳೀತೇನಿ. ದಂಡಿ ಮ್ಯಾಲಿನ ಕೆಲಸ ಮೈದುನಂದು, ತೊಲಿ ಸರಸಾಕ ಆಳಮಂದಿ ಒಬ್ರು ಇರ್ರಿ."

"ಹುಚ್ಚ ಹಿಡದೈತೇನು?" ಎಂದ ಗಂಡ. "ಹೆಣಮಕ್ಕಳು ಬಾವ್ಯಾಗ ಇಳಿಯೂದಾ?"

"ಮೇಡಮ್ಮಾರು ದಿನಾ ಇಳೀತಾರಲ್ರಿ, ಅವ್ರೇನು ಗಂಡಸರಾ?"

"ಅವ್ರು ಅಳದು ಬರ್ತಾರ. ನೀ ಬಕೆಟ್ಟಿನ ಬುಡಕ ನಿಲ್ಲಾಕಿ."

"ಮತ್ತ? ಬಕೆಟ್ಟು ನೆಲಕ್ಕ ಬಂದಿರ್ತೈತಿ, ಒಂದು ಗೇಣಿನ ಮಾತು ಅಂದ್ರೆಲ್ಲಾ ನಿನ್ನೆ. ನಿಮ್ಮ ತಮ್ಮಗ ಆಗದ ಹೆದರಿಕಿ ನನಗ್ಯಾಕ?"

ಆಕೆ ಗಂಡನ ಉತ್ತರಕ್ಕೆ ಕಾಯಲಿಲ್ಲ. ಏಣಿಯ ಮೊದಲ ಮೆಟ್ಟಿಲಿಗೆ ಕಾಲು ಹಾಕುವ ಮುನ್ನ ನನ್ನ ಕಡೆ ಬಗ್ಗಿ ಮೆಲ್ಲಗೆ, "ಆ ಲಾಕು ಹಿಡೀತೈತಲ್ರಿ ಮೇಡಮ್ರ?" ಎಂದಳು. ಹಿಡಿಯುತ್ತದೆ ಎಂದೆ. ಹಿಂದಿನ ಗಂಟೆಯಲ್ಲಿ ತುಂಬಿದ ಬಕೆಟ್ಟು ನೇತುಹಾಕಿ, ಕೆಳಗೆ ಯಾರೂ ಇಲ್ಲದಾಗ ಬ್ರೇಕು ಪೂರಾ ಬಿಡಿಸಿ ನೋಡಿದ್ದೆ. ಆದರೂ ಡ್ರಮ್ಮಿನ ಕಡೆ ತಿರುಗಿ ಲಾಕನ್ನು ಇನ್ನೊಮ್ಮೆ ನೋಡಿಕೊಂಡೆ. ಅಂಥ ಪ್ರಶ್ನೆ ನನಗೆ ಅದಕ್ಕೂ ಮೊದಲು ಯಾರೂ ಕೇಳಿರಲಿಲ್ಲ.

ಆಕೆ ಇಳಿದಳು, ಹಿಂದೆ ಒಬ್ಬ ಆಳು. ಸ್ವಲ್ಪ ಹೊತ್ತಿಗೆ ಹಗ್ಗ ಎರಡು ಸಲ ಜಗ್ಗಿತು. ಆತ ಎಂಜಿನ್ನು ಏರಿಸಿದ. ಬಕೆಟ್ಟು ಎಂದಿಗಿಂತ ನಿಧಾನ ಬರುತ್ತಿತ್ತು. ನಿಧಾನ ಮಾಡಿದ್ದು ಆತನೇ. ಅಂಚು ದಾಟಿ ಮೇಲೆ ನಿಂತಿತು. ಒಂಟಿ ಕೈಯಲ್ಲಿ ಕೊಕ್ಕೆ ಹಿಡಿದಿದ್ದ ತಮ್ಮ ರೂಢಿಯಂತೆ "ಬಂತೋ!" ಎಂದು ಕೂಗಿಬಿಟ್ಟ.

ಆತನ ಕಾಲು ರೂಢಿಯಂತೆ ಹಗುರವಾಯಿತು. ಡ್ರಮ್ಮು ಒಂದೇ ಒಂದು ಹಲ್ಲಿನಷ್ಟು ಹಿಂದೆ ಸರಿದು ಲಾಕಿಗೆ ಬಿತ್ತು. ಟಕ್ ಎಂದು ಸಪ್ಪಳ. ಬಕೆಟ್ಟು ಅಲ್ಲಿಯೇ ನಿಂತಿತು.

ಅಷ್ಟು ಸಣ್ಣ ಸಪ್ಪಳ, ಎಂಜಿನ್ನಿನ ಗದ್ದಲದಲ್ಲೂ ನಾವೆಲ್ಲ ಅದನ್ನು ಕೇಳಿದೆವು. ತಮ್ಮ ನಾಲಿಗೆ ಕಚ್ಚಿಕೊಂಡ. ಆತ ಎರಡೂ ಕಾಲನ್ನು ಬ್ರೇಕಿನ ಮೇಲೆ ಇಟ್ಟು, ಲಿವರಿನಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ತೊಲೆಗಳನ್ನು ಬಕೆಟ್ಟಿನ ಅಡಿಗೆ ಸರಿಸಿದರು.

ಆ ಕ್ರೇನಿನ ಆಸನ ಬಾವಿಯಿಂದ ಹಿಂದಿದೆ. ಅಲ್ಲಿ ಕೂತವನಿಗೆ ಹಗ್ಗ ಕಾಣುತ್ತದೆ, ಬಕೆಟ್ಟು ಅಂಚಿಗೆ ಬಂದಾಗ ಕಾಣುತ್ತದೆ, ತಳ ಕಾಣುವುದಿಲ್ಲ. ಆತ ಎಂಜಿನ್ನು ಬಂದ್ ಮಾಡಿ ಇಳಿದು ಬಂದ. ಅಂಚಿನಲ್ಲಿ ಮಂಡಿಯೂರಿ, ಒಂದು ಕೈ ತೊಲೆಯ ಮೇಲೆ ಇಟ್ಟು ಕೆಳಗೆ ನೋಡಿದ. ನಾನೂ ಪಕ್ಕದಲ್ಲಿ ಬಗ್ಗಿದೆ. ತಗಡಿನ ಚಪ್ಪರದ ಅಂಚಿನಿಂದ ಆಕೆ ಮುಖ ಹೊರಹಾಕಿ ಮೇಲೆ ನೋಡುತ್ತಿದ್ದಳು. ಅಷ್ಟು ಆಳದಲ್ಲಿ ಮುಖ ಒಂದು ಅಡಿಕೆ ಬೆಟ್ಟೆಯಷ್ಟು. ನಮ್ಮ ಮೂಗಿನ ಮುಂದೆಯೇ ಎರಡು ಕ್ವಿಂಟಲ್ ಹೂಳು ತಣ್ಣಗೆ ಕೂತಿತ್ತು.

"ಒಳಗ ಸರಿ!" ಎಂದು ಆತ ಕೂಗಿದ. ಅಷ್ಟು ಜೋರಾಗಿ ಆತ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಬಾವಿ ಆ ಮಾತನ್ನು ಎರಡು ಸಲ ತಿರುಗಿಸಿ ಕೊಟ್ಟಿತು.

"ಸರದೇನ್ರಿ!" ಎಂದಳು ಆಕೆ, ಮುಖ ಒಳಗೆಳೆದುಕೊಂಡು. "ನಿಮಗದು ನೆಲದ ಮ್ಯಾಲ ಐತಿ, ನನಗ ನೆತ್ತಿ ಮ್ಯಾಲ ಐತಿ, ಗೊತ್ತಿಲ್ಲೇನು ನನಗ?"

ಆತ ಇನ್ನೂ ಕೆಳಗೇ ನೋಡುತ್ತಿದ್ದ. "ಇವ ಇಷ್ಟು ದಿನಾ ಅಲ್ಲೇ ನಿಂತಿದ್ನಲ್ಲೋ," ಎಂದ. ನನಗೆ ಹೇಳಿದ್ದಲ್ಲ, ತಮ್ಮನಿಗೆ ಹೇಳಿದ್ದೂ ಅಲ್ಲ. ತಮ್ಮ ಹತ್ತಿರದಲ್ಲೇ ನಿಂತಿದ್ದ, ಅವನ ಕಣ್ಣು ತುಂಬಿತು. ಅಣ್ಣ ಅವನನ್ನು ನೋಡದೆಯೇ ಕೈಚಾಚಿ ಅವನ ಕಾಲಿನ ಮೀನಖಂಡವನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟ.

ಎದ್ದು ಹೋಗಿ ಆಸನದಲ್ಲಿ ಕೂತ. ಎಂಜಿನ್ನು ಹಚ್ಚಿದ. ಕೆಳಗಿನಿಂದ ಕೂಗು ಬಂತು: "ಬಿಡ್ರಿ!" ಸ್ಪಷ್ಟವಾಗಿ ಬಂತು, ಎಲ್ಲರಿಗೂ ಕೇಳಿತು. ಆತ ಬಿಡಲಿಲ್ಲ. ಲಾಕಿನ ಹಿಡಿಕೆಯ ಮೇಲೆ ಕೈ ಇಟ್ಟು ನನ್ನ ಮುಖ ನೋಡಿದ.

"ಬಿಡ್ಲೇನ್ರಿ ಮೇಡಮ್ರ?"

"ನನ್ನ ಕೇಳಬ್ಯಾಡ್ರಿ ಅಣ್ಣಾರ. ಅವ್ರನ್ನ ಕೇಳ್ರಿ."

ಆತ ಕುತ್ತಿಗೆ ಉದ್ದ ಮಾಡಿ ಬಾವಿಯ ಕಡೆ ತಿರುಗಿ, ಎಂಜಿನ್ನಿನ ಸದ್ದಿಗಿಂತ ಮೇಲೆ ದನಿ ಎತ್ತಿ, ಹೆಂಡತಿಯನ್ನು ಕೇಳಿದ, "ಬಿಡ್ಲೇನು?"

"ಬಿಡ್ರಿ ಅಂದ್ನೆಲ್ಲಾ!"

"ಖರೇನ ಒಳಗ ಸರದೀಯೇನು?"

"ಅಯ್ಯ ನಮ್ಮವ್ವಾ, ಎಷ್ಟು ಸಲ ಹೇಳಬೇಕ್ರಿ ನಿಮಗ! ಸರದೇನಿ, ಬಿಡ್ರಿ!"

ದಂಡೆಯ ಮೇಲಿದ್ದ ಆಳು ಗೊಳ್ಳೆಂದು ನಕ್ಕ. ತಮ್ಮನೂ ನಕ್ಕ, ನಾನೂ ನಕ್ಕೆ. ಆತ ನಗಲಿಲ್ಲ. ಇನ್ನೊಮ್ಮೆ ಕೇಳಿದ.